ಮೀಟಿಂಗ್ ಮುಗಿದ ಮೇಲೆ ಒಂದು ಟೀ ಕುಡಿದು ಬನ್ನಿ

ಪ್ರಶ್ನೆ: ನನಗೆ 44 ವರ್ಷ. ಅರಸೀಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದೆ. ಈಗ ದಿನಾ ಸಂಜೆ ಒಂದು ಕ್ವಾರ್ಟರ್ ಬೇಕು, ಕೆಲವು ದಿನ ಅದೂ ಸಾಲುವುದಿಲ್ಲ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತದೆ. ಎರಡು ಸಲ ಆಣೆ ಇಟ್ಟು ಬಿಟ್ಟೆ. ಒಂದು ಸಲ ಅಯ್ಯಪ್ಪನ ಮಾಲೆ ಹಾಕಿ ಬಿಟ್ಟೆ. ಮತ್ತೆ ಶುರುವಾಯಿತು. ಪರಿಚಯದ ಡಾಕ್ಟರೊಬ್ಬರು 'ಕುಡಿತ ಬಿಡಲು ಸೇರುವವರ ಎಎ ಮೀಟಿಂಗಿಗೆ ಹೋಗಿ' ಎಂದರು. ಅದು ಎಲ್ಲಿ ನಡೆಯುತ್ತದೆ, ಹೇಗೆ ಹುಡುಕುವುದು? ಅಲ್ಲಿ ಯಾರಾದರೂ ಗುರುತು ಹಿಡಿದರೆ ನನ್ನ ಗತಿ ಏನು? ಪ್ರಾರ್ಥನೆ ಎಲ್ಲ ಇರುತ್ತದಂತೆ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಹೆಂಡತಿ ತಾನೂ ಬರುತ್ತೇನೆ ಅನ್ನುತ್ತಾಳೆ. ಕರೆದುಕೊಂಡು ಹೋಗಬಹುದಾ? (ಹೆಸರು ಬೇಡ)

ಉತ್ತರ: ಮೇಷ್ಟ್ರೇ, ನೀವು ಕೇಳಿರುವುದು ಮೀಟಿಂಗ್ ಬಗ್ಗೆ. ಆದರೆ ಪತ್ರ ಓದುವಾಗ ನಾನು ನಿಂತದ್ದು ಬೋರ್ಡಿನ ಮುಂದೆ ನಡುಗುವ ಆ ಕೈ ಹತ್ತಿರ. ಅದನ್ನು ಮೊದಲು ಮಾತಾಡಿ ಮುಗಿಸೋಣ.

ಬೆಳಿಗ್ಗೆ ಕೈ ನಡುಗುತ್ತದೆ ಅಂದರೆ ಮೈ ಎಣ್ಣೆಗೆ ಒಗ್ಗಿಹೋಗಿದೆ. ರಾತ್ರಿಯದು ಇಳಿಯುತ್ತಿದ್ದ ಹಾಗೆ ಮತ್ತೆ ಬೇಕು ಅಂತ ಕೇಳುತ್ತಿದೆ. ಇಂಥವರು ಹಟಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಿದರೆ ಅಪಾಯ. ಕೊನೆಯ ಪೆಗ್ ಆಗಿ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಇನ್ನು ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇವತ್ತು ಯಾವ ವಾರ, ಎದುರಿಗಿರುವವರು ಯಾರು, ಏನೂ ತಿಳಿಯುವುದಿಲ್ಲ. ಗೋಡೆ ಮೇಲೆ ಇಲ್ಲದ ಇರುವೆ ಹರಿಯುತ್ತದೆ. ಕೂತಲ್ಲೇ ಹೊದಿಕೆಯಿಂದ ಹುಳ ಆರಿಸುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಅದು ಡೆಲಿರಿಯಂ ಟ್ರೆಮೆನ್ಸ್ ಅನ್ನುವ ಕಾಯಿಲೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಸಂಚಕಾರ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಇದಕ್ಕೆ ಒಳ್ಳೆಯ ಔಷಧಿ ಇದೆ. ಕೆಲವೇ ದಿನದ ಮಾತ್ರೆ, ಜೊತೆಗೆ ಥಯಮಿನ್ ಅನ್ನುವ ಬಿ1 ವಿಟಮಿನ್. ಬಹಳ ಜನ ಅಷ್ಟರಲ್ಲೇ ಆರಾಮಾಗಿ ದಾಟುತ್ತಾರೆ. ಕೆಲವರನ್ನು ಮಾತ್ರ ಅಡ್ಮಿಟ್ ಮಾಡಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಯೋಜನೆ ಇದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಊರಲ್ಲಿ ಮುಜುಗರ ಅನಿಸಿದರೆ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಎಷ್ಟು ಕುಡಿಯುತ್ತೀರಿ ಅಂತ ಕೇಳಿದಾಗ ದಯವಿಟ್ಟು ಅರ್ಧಕ್ಕೆ ಇಳಿಸಿ ಹೇಳಬೇಡಿ. ಔಷಧಿಯ ಪ್ರಮಾಣ ಆ ಲೆಕ್ಕದ ಮೇಲೆ ನಿಂತಿರುತ್ತದೆ. ಅಲ್ಲಿಗೆ ಹೋಗುವ ತನಕ ನೀವಾಗಿಯೇ ಪೂರ್ತಿ ನಿಲ್ಲಿಸುವ ಸಾಹಸ ಬೇಡ.

ಇನ್ನು ಮೀಟಿಂಗ್.

ನೀವು ಮಾಲೆ ಹಾಕಿ ಬಿಟ್ಟೆ ಎಂದು ಬರೆದಿದ್ದೀರಿ. ನಾನು ಡಾಕ್ಟರಲ್ಲ. ಆಸ್ಪತ್ರೆಯಲ್ಲಿ ಕುಡಿತ ಬಿಡಲು ಬಂದವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಈ ಮಾಲೆಯ ಕಥೆಯನ್ನು ನನಗೆ ಹೇಳಿದವರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ. ಎಲ್ಲರದೂ ಒಂದೇ ಧಾಟಿ. ಮಂಡಲ ಪೂರ್ತಿ ಒಂದು ಹನಿ ಮುಟ್ಟಲಿಲ್ಲ, ಆಸೆಯೂ ಆಗಲಿಲ್ಲ, ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲೇ ಶುರು. ಕೇಳಿದವರು 'ದೇವರ ಭಯ ಹೋಯಿತು, ಅದಕ್ಕೇ' ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಆ ದಿನಗಳಲ್ಲಿ ನಿಮ್ಮ ಸಂಜೆ ಹೇಗಿತ್ತು ನೆನಪಿಸಿಕೊಳ್ಳಿ. ಸ್ನಾನ, ಭಜನೆ, ಗುರುಸ್ವಾಮಿ, ಜೊತೆಗೆ ಅದೇ ವ್ರತದಲ್ಲಿರುವ ಹತ್ತು ಜನ. ಬಾರ್ ತೆರೆದಿರುವ ಹೊತ್ತಿಗೆ ನಿಮಗೆ ಹೋಗುವುದಕ್ಕೆ ಬೇರೊಂದು ಜಾಗ ಇತ್ತು. ಸ್ವಾಮಿ ಎಲ್ಲಿ, ಇನ್ನೂ ಬರಲಿಲ್ಲವಲ್ಲ ಅಂತ ಕೇಳುವವರು ಇದ್ದರು. ಮಾಲೆ ತೆಗೆದ ದಿನ ದೇವರು ಎಲ್ಲಿಗೂ ಹೋಗಲಿಲ್ಲ, ಆ ಹತ್ತು ಜನ ಹೋದರು. ಸಂಜೆ ಆರೂವರೆ ಮತ್ತೆ ಖಾಲಿಯಾಯಿತು.

ಎಎ ಮೀಟಿಂಗ್ ಅಂದರೆ ಆ ಆರೂವರೆಗೆ ಒಂದು ಜಾಗ, ನೀವು ಬರದಿದ್ದರೆ ಕೇಳುವ ನಾಲ್ಕು ಜನ. ಮಾಲೆ ತೆಗೆಯುವ ದಿನ ಇಲ್ಲಿಲ್ಲ, ಅಷ್ಟೇ.

ಅದು ಹುಟ್ಟಿದ್ದೂ ಹಾಗೇ. ಪೂರ್ತಿ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಗುರುತು ಹೇಳಿಕೊಳ್ಳದ ಕುಡಿತದ ರೋಗಿಗಳು. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣ. ನ್ಯೂಯಾರ್ಕಿನ ಶೇರು ವ್ಯವಹಾರದ ಬಿಲ್ ವಿಲ್ಸನ್ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಕೆಲಸ ಕೆಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬರೇ ನಿಂತಿದ್ದಾರೆ, ಪಕ್ಕದ ಬಾರಿನಿಂದ ನಗು, ಮಾತು ಕೇಳುತ್ತಿದೆ. ಇನ್ನೇನು ಒಳಗೆ ಹೋಗಬೇಕು ಅನ್ನುವಾಗ ಅವರು ಮಾಡಿದ ಕೆಲಸ ಏನು ಗೊತ್ತಾ? ಲಾಬಿಯಲ್ಲಿ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡತೊಡಗಿದರು. ನನ್ನ ಹಾಗೆ ಕುಡಿತದಲ್ಲಿ ಒದ್ದಾಡುತ್ತಿರುವ ಇನ್ನೊಬ್ಬರ ಜೊತೆ ಮಾತಾಡಬೇಕು, ಯಾರಾದರೂ ಗೊತ್ತಾ ಅಂತ ವಿಚಾರಿಸಿದರು. ಹಾಗೆ ಸಿಕ್ಕಿದವರು ಊರಿನ ಸರ್ಜನ್ ಡಾ. ಬಾಬ್ ಸ್ಮಿತ್. ಕಾಲು ಗಂಟೆ ಕೂತು ಹೋಗುತ್ತೇನೆ ಎಂದು ಬಂದ ಡಾಕ್ಟರು ಐದಾರು ಗಂಟೆ ಕೂತರು. ಆ ಜೂನ್ 10ರಂದು ಅವರು ಕುಡಿದದ್ದೇ ಕೊನೆ. ಆ ದಿನವನ್ನೇ ಎಎ ತನ್ನ ಹುಟ್ಟಿದ ದಿನ ಎನ್ನುತ್ತದೆ. ಭಾರತಕ್ಕೆ ಬಂದದ್ದು 1957ರಲ್ಲಿ.

ಈ ಕಥೆಯಲ್ಲಿ ಉಪದೇಶ ಮಾಡಿದವರು ಯಾರೂ ಇಲ್ಲ ನೋಡಿ. ಡಾಕ್ಟರಿಗೆ ಕುಡಿತದ ಕೆಡುಕು ಗೊತ್ತಿರಲಿಲ್ಲವೇ? ನಿಮಗೂ ಗೊತ್ತು, ಮಕ್ಕಳಿಗೆ ಅದೇ ಪಾಠ ಮಾಡಿರುತ್ತೀರಿ. ಅಲ್ಲಿ ಸಿಕ್ಕಿದ್ದು ತನ್ನದೇ ಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳುವ ಅವಕಾಶ.

ಹುಡುಕುವುದು ಹೇಗೆ? ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಊರುವಾರು ಮಾಹಿತಿ, ಸಹಾಯವಾಣಿ ನಂಬರು ಸಿಗುತ್ತದೆ. ಬೆಂಗಳೂರು, ಮಂಗಳೂರಿನಲ್ಲಿ ಬೇಕಾದಷ್ಟು ಗುಂಪುಗಳಿವೆ, ಮೈಸೂರಿನಲ್ಲೂ ಇವೆ. ಸಣ್ಣ ಊರುಗಳ ವಿಷಯದಲ್ಲಿ ಮಾತ್ರ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಗುಂಪು ಜಾಗ ಬದಲಿಸಿರುತ್ತದೆ, ವಾರ ಬದಲಾಗಿರುತ್ತದೆ, ಕೆಲವೊಮ್ಮೆ ಗುಂಪೇ ನಿಂತುಹೋಗಿರುತ್ತದೆ. ಧೈರ್ಯ ಮಾಡಿ ಹೋಗಿ, ಬಾಗಿಲಿಗೆ ಬೀಗ ನೋಡಿ, ಹತ್ತಿರದ ಬಾರಿಗೆ ಹೋಗಿ ಕೂತವರನ್ನು ನಾನು ಕಂಡಿದ್ದೇನೆ. ಹಾಗಾಗಿ ಮೊದಲು ಫೋನ್ ಮಾಡಿ. ಆ ಕಡೆ ಫೋನ್ ಎತ್ತುವವರು ಯಾವುದೋ ಆಫೀಸಿನ ಗುಮಾಸ್ತರಲ್ಲ, ಕುಡಿತ ಬಿಟ್ಟ ಒಬ್ಬ ಸದಸ್ಯರೇ. 'ನನಗೆ ಕುಡಿತದ ತೊಂದರೆ ಇದೆ, ಮೀಟಿಂಗಿಗೆ ಬರಬೇಕು' ಅನ್ನಿ, ಸಾಕು. ಅಲ್ಲಿಂದ ಮುಂದೆ ಅವರೇ ಮಾತು ನಡೆಸುತ್ತಾರೆ. ಕನ್ನಡದ ಮೀಟಿಂಗ್ ಯಾವುದು, ಯಾವ ವಾರ, ಎಷ್ಟು ಹೊತ್ತಿಗೆ, ಕಟ್ಟಡದ ಯಾವ ಬಾಗಿಲು ಅಂತ ಕೇಳಿಕೊಳ್ಳಿ. ಬಾಗಿಲ ವಿಷಯ ಸಣ್ಣದು ಅನಿಸಬಹುದು. ಆದರೆ ಸ್ಕೂಲು, ಚರ್ಚ್ ಆವರಣದಲ್ಲಿ ಹಿಂದಿನ ಮೂಲೆಯ ಒಂದು ರೂಮಿನಲ್ಲಿ ನಡೆಯುತ್ತಿರುತ್ತದೆ. ವಾಚ್‌ಮನ್ ಹತ್ತಿರ ಹೋಗಿ 'ಕುಡುಕರ ಮೀಟಿಂಗ್ ಎಲ್ಲಪ್ಪಾ' ಅಂತ ಕೇಳುವ ಪಾಡು ಯಾಕೆ? ಗೇಟಿನ ಹತ್ತಿರ ಒಬ್ಬರು ನಿಲ್ಲಿ ಅಂದರೆ ಸಂತೋಷವಾಗಿ ಬಂದು ನಿಲ್ಲುತ್ತಾರೆ.

ಇನ್ನೊಂದು ದಾರಿ, ನೀವು ತೋರಿಸುವ ಮನೋವೈದ್ಯರನ್ನೋ ಅಲ್ಲಿನ ಕೌನ್ಸೆಲರನ್ನೋ ಕೇಳುವುದು. ಸುತ್ತಮುತ್ತ ನಡೆಯುವ ಗುಂಪು ಯಾವುದು, ಹೆಸರಿಗೆ ಮಾತ್ರ ಇರುವುದು ಯಾವುದು ಅಂತ ಅವರಿಗೆ ಅಂದಾಜಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಫೋನಿನಲ್ಲೇ ವಿಚಾರಿಸಬೇಕು ಅಂದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಕೇಂದ್ರ ಸರ್ಕಾರದ ಸಹಾಯವಾಣಿ 14446 ಕೂಡ ಇದೆ.

ಅರಸೀಕೆರೆಯಲ್ಲೇ ಮೀಟಿಂಗ್ ಸಿಗದಿದ್ದರೆ ನೀವು ಬೇಸರ ಮಾಡಿಕೊಳ್ಳಬಹುದು. ನನ್ನನ್ನು ಕೇಳಿದರೆ ಶುರುವಿನಲ್ಲಿ ಅದೇ ಒಳ್ಳೆಯದು. ಸಣ್ಣ ಊರಿನ ಮೇಷ್ಟ್ರಿಗೆ ತನ್ನ ಊರಿನ ಮೀಟಿಂಗಿಗೆ ಕಾಲಿಡುವುದು ಸುಲಭವಲ್ಲ. ನಿಮ್ಮದು ರೈಲ್ವೆ ಜಂಕ್ಷನ್. ಹಾಸನದ ಕಡೆ, ತುಮಕೂರು–ಬೆಂಗಳೂರಿನ ಕಡೆ, ಕಡೂರು–ದಾವಣಗೆರೆಯ ಕಡೆ, ಎಲ್ಲಿಗೆ ಬೇಕಾದರೂ ರೈಲಿದೆ. ಈ ಮೂರೂ ದಿಕ್ಕಿನಲ್ಲಿ ವಿಚಾರಿಸಿ. ಪಕ್ಕದ ಜಿಲ್ಲೆಗೆ ಹೋಗಿ ಮೀಟಿಂಗ್ ಮುಗಿಸಿ ಬರುವವರು ಬಹಳ ಜನ ಇದ್ದಾರೆ. ವಾರಕ್ಕೆ ಒಂದು ದಿನ ಹೀಗೆ ಹೋಗಿ, ಉಳಿದ ದಿನ ಆನ್‌ಲೈನ್ ಮೀಟಿಂಗ್ ಸೇರಿಕೊಳ್ಳಿ. ಕೊರೊನಾ ಬಂದಾಗ ಶುರುವಾದ ಜೂಮ್ ಮೀಟಿಂಗ್‌ಗಳು ಇನ್ನೂ ನಡೆಯುತ್ತಿವೆ, ಕನ್ನಡದವೂ ಇವೆ. ಕ್ಯಾಮೆರಾ ಆಫ್ ಮಾಡಿ ಕೂರಬಹುದು. ಒಂದು ಎಚ್ಚರ: ಆನ್‌ಲೈನ್ ಕ್ಲಾಸ್ ಮಾಡುವಾಗ ಜೂಮಿನಲ್ಲಿ ನಿಮ್ಮ ಪೂರ್ತಿ ಹೆಸರು, ಮುಂದೆ ಸ್ಕೂಲಿನ ಹೆಸರು ಹಾಕಿಟ್ಟಿರುತ್ತೀರಿ. ಒಳಗೆ ಹೋಗುವ ಮೊದಲು ಅದನ್ನು ಬದಲಾಯಿಸಿ!

ಒಳಗೆ ಏನು ನಡೆಯುತ್ತದೆ ಅಂತ ಹೇಳುವುದಕ್ಕಿಂತ, ನಾನು ನೋಡಿದ ಮೊದಲ ಮೀಟಿಂಗ್ ಬಗ್ಗೆಯೇ ಹೇಳುತ್ತೇನೆ. ಆಗ ನಾನು ಓದುತ್ತಿದ್ದೆ. ಬೆಂಗಳೂರಿನಲ್ಲಿ ಒಂದು ಪ್ರೈಮರಿ ಸ್ಕೂಲಿನ ಕ್ಲಾಸ್ ರೂಮು, ರಾತ್ರಿ ಏಳು ಗಂಟೆ. ಬೋರ್ಡಿನ ಮೇಲೆ ಹದಿಮೂರರ ಮಗ್ಗಿ ಅಳಿಸದೆ ಹಾಗೇ ಇತ್ತು. ಮಕ್ಕಳ ಬೆಂಚುಗಳು. ಆಟೋ ಡ್ರೈವರು, ಬ್ಯಾಂಕಿನವರು, ಮಿಲಿಟರಿಯಿಂದ ರಿಟೈರಾದವರು, ಎಲ್ಲರೂ ಮಂಡಿ ಎದೆಗೆ ತಾಗುವ ಹಾಗೆ ಮುದುರಿ ಕೂತಿದ್ದರು. ಎದುರಿಗೆ ಒಂದು ಮೇಜು, ಮೇಜಿನ ಮೇಲೆ ಒಂದು ಗಡಿಯಾರ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, 'ನಾನೊಬ್ಬ ಆಲ್ಕೊಹಾಲಿಕ್' ಎಂದು ಮಾತು ಶುರು ಮಾಡುತ್ತಿದ್ದರು. ಉಳಿದವರು ಆ ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದರು. ಒಬ್ಬರು ಮಗಳ ನಾಮಕರಣದ ದಿನ ಬಟ್ಟಲು ಕೊಳ್ಳಲು ಇಟ್ಟಿದ್ದ ದುಡ್ಡಲ್ಲಿ ಕುಡಿದದ್ದನ್ನು ಹೇಳಿದರು. ಯಾರೂ ಛೇ ಅನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುವ ಹಾಗಿಲ್ಲ, ಬುದ್ಧಿ ಹೇಳುವ ಹಾಗಿಲ್ಲ, ಅದು ಅಲ್ಲಿನ ಪದ್ಧತಿ. ಕೊನೆಗೆ ಒಂದು ಡಬ್ಬಿ ಬಂತು. ಇಷ್ಟ ಬಂದಷ್ಟು ಹಾಕಬಹುದು, ಹಾಕದೆಯೂ ಇರಬಹುದು. ಹೊಸಬರ ಮುಂದೆ ಡಬ್ಬಿ ನಿಲ್ಲಲೇ ಇಲ್ಲ. ಒಂದೂವರೆ ಗಂಟೆಗೆ ಮುಗಿಯಿತು.

ನನಗೆ ಏನೂ ಅನಿಸಲಿಲ್ಲ. ನಿಜ ಹೇಳಬೇಕು ಅಂದರೆ ಬೋರಾಯಿತು. ಬರೀ ಕಥೆ ಹೇಳಿಕೊಂಡರೆ ಕುಡಿತ ಬಿಡುತ್ತದಾ ಅಂದುಕೊಂಡು ಬಸ್ಸಿಗೆ ಹೊರಟೆ. ಗೇಟಿನ ಎದುರು ಒಂದು ಟೀ ಅಂಗಡಿ ಇತ್ತು. ನಾನು ಬಸ್ಸಿಗೆ ಕಾಯುತ್ತಾ ನಿಂತ ಅರ್ಧ ಗಂಟೆ ಅಲ್ಲಿ ನಡೆದದ್ದನ್ನು ನೋಡಿದೆ. ಒಳಗೆ ತುಟಿ ಬಿಚ್ಚದೆ ಕೂತಿದ್ದ ಒಬ್ಬ ಹುಡುಗನ ಸುತ್ತ ಮೂವರು. ಒಬ್ಬರು ಅವನಿಗೆ ಬನ್ನು ಕೊಡಿಸುತ್ತಿದ್ದಾರೆ. ಇನ್ನೊಬ್ಬರು ಜೇಬಿನಿಂದ ಚೀಟಿ ತೆಗೆದು ಫೋನ್ ನಂಬರು ಬರೆಯುತ್ತಿದ್ದಾರೆ. ಮೂರನೆಯವರು ಕೇಳುತ್ತಿದ್ದಾರೆ: 'ಮನೆಗೆ ಹೋಗುವ ದಾರಿಯಲ್ಲಿ ಎಷ್ಟು ಬಾರ್ ಸಿಗುತ್ತಪ್ಪಾ?' ಹುಡುಗ ಬೆರಳು ಮಡಚಿ ಎಣಿಸಿ 'ನಾಲ್ಕು' ಅಂದ. 'ಹಾಗಾದ್ರೆ ನಾನು ಬರ್ತೀನಿ ನಡಿ' ಎಂದು ಅವರು ತಮ್ಮ ಸ್ಕೂಟರ್ ಸ್ಟಾರ್ಟ್ ಮಾಡಿದರು.

ಅವತ್ತಿನಿಂದ ಇವತ್ತಿನ ತನಕ ಮೀಟಿಂಗಿಗೆ ಹೋಗಿ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಆಮೇಲೆ ಟೀ ಕುಡಿದಿರಾ? ಮುಗಿದ ಕೂಡಲೇ ಚಪ್ಪಲಿ ಮೆಟ್ಟಿ ಓಡಿಬಂದವರು ಎರಡು ಮೂರು ವಾರದಲ್ಲಿ ಹೋಗುವುದನ್ನೇ ನಿಲ್ಲಿಸುತ್ತಾರೆ. ಟೀ ಕುಡಿದವರ ಜೇಬಿನಲ್ಲಿ ನಾಲ್ಕು ನಂಬರು ಇರುತ್ತದೆ. ಬಿಲ್ ವಿಲ್ಸನ್ನರಿಗೆ ಆ ಲಾಬಿಯಲ್ಲಿ ಬೇಕಿದ್ದದ್ದು ಇಂಥ ನಂಬರೇ ಅಲ್ವಾ? ಅವರು ಗೊತ್ತಿಲ್ಲದವರಿಗೆಲ್ಲ ಫೋನ್ ಮಾಡಬೇಕಾಯಿತು, ನಿಮಗೆ ಆ ಕಷ್ಟ ಇಲ್ಲ. ಸಂಜೆ ಸ್ಟಾಫ್ ರೂಮಿನಿಂದ ಹೊರಟು, ಕಾಲು ತಾನಾಗಿಯೇ ಆ ಕಡೆ ತಿರುಗಿದಾಗ ಆ ನಂಬರಿಗೆ ಫೋನ್ ಮಾಡಬೇಕು. ಮೊದಲ ಪೆಗ್ಗಿಗೆ ಮುಂಚೆ. ಆದಮೇಲೆ ಮಾಡಿದರೆ ಅಳು ಮಾತ್ರ ಬರುತ್ತದೆ. ಒಂದಿಷ್ಟು ದಿನ ಕಳೆದ ಮೇಲೆ, ಇವರ ಹತ್ತಿರ ಏನು ಬೇಕಾದರೂ ಹೇಳಬಹುದು ಅನಿಸಿದ ಹಳಬರೊಬ್ಬರನ್ನು ಸ್ಪಾನ್ಸರ್ ಆಗಿ ಅಂತ ಕೇಳಿಕೊಳ್ಳಬಹುದು. ದುಡ್ಡು ಕಾಸಿನ ಸ್ಪಾನ್ಸರ್ ಅಲ್ಲ, ಕೈ ಹಿಡಿದು ನಡೆಸುವವರು. ಅವಸರ ಮಾಡಬೇಡಿ.

ಮೊದಲ ದಿನ ನೀವು ಮಾತಾಡಲೇಬೇಕು ಅಂತಿಲ್ಲ. 'ಇವತ್ತು ಸುಮ್ನೆ ಕೇಳ್ತೀನಿ' ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಮೇಷ್ಟ್ರಾದ್ದರಿಂದ ನಿಮಗೆ ಇನ್ನೊಂದು ತೊಂದರೆ ಬರಬಹುದು, ಈಗಲೇ ಹೇಳಿಬಿಡುತ್ತೇನೆ. ನೀವು ಚೆನ್ನಾಗಿ ಮಾತಾಡಿಬಿಡುತ್ತೀರಿ. ಕುಡಿತದ ದುಷ್ಪರಿಣಾಮಗಳ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿ ಕೂತುಬಿಡುತ್ತೀರಿ. ವಕೀಲರು, ಡಾಕ್ಟರುಗಳು ಕೂಡ ಹೀಗೇ ಮಾಡುತ್ತಾರೆ. ಆ ನಡುಗುವ ಕೈ ಬಗ್ಗೆ ಒಂದು ವಾಕ್ಯ ಹೇಳಿದರೆ ಸಾಕು.

ಗುರುತು ಹಿಡಿಯುವ ಭಯಕ್ಕೆ ಬರುತ್ತೇನೆ. ಅಲ್ಲಿ ಹಾಜರಿ ಪುಸ್ತಕ ಇಲ್ಲ, ಅರ್ಜಿ ಇಲ್ಲ, ಆಧಾರ್ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ನೀವು ಸದಸ್ಯರು, ಅದೊಂದೇ ಅರ್ಹತೆ. ಊರು, ಕೆಲಸ ಹೇಳಬೇಕಾಗಿಲ್ಲ. ಹೆಸರು ಕೂಡ ನಿಮಗೆ ಇಷ್ಟವಾದದ್ದು. ಅಲ್ಲಿ ಕೇಳಿದ್ದನ್ನು, ಕಂಡವರನ್ನು ಹೊರಗೆ ಹೇಳಬಾರದು ಅನ್ನುವ ಕಟ್ಟು ಎಎ ಹೆಸರಿನಲ್ಲೇ ಇದೆ. ಹಾಗಂತ ಇದಕ್ಕೆ ಕೋರ್ಟಿನ ಮುದ್ರೆ ಇಲ್ಲ. ಮನುಷ್ಯರು ಕೂಡುವ ಜಾಗ, ಬಾಯಿ ಸಡಿಲ ಇರುವವರು ಎಲ್ಲೋ ಒಬ್ಬರು ಇದ್ದಾರು. ಕಾನೂನಿನ ತೊಡಕಿರುವ ವಿಷಯ ಏನಾದರೂ ಇದ್ದರೆ ಎಲ್ಲರ ಮುಂದೆ ಹೇಳಬೇಡಿ. ಪರಿಚಯದವರು ಸಿಕ್ಕಿದರೆ? ನಿಮ್ಮ ವಿದ್ಯಾರ್ಥಿಯ ಅಪ್ಪನೇ ಸಿಕ್ಕಿದ ಅಂದುಕೊಳ್ಳಿ. ಅವನೂ ಅಲ್ಲಿಗೆ ಬಂದದ್ದು ಅದಕ್ಕೇ, ಅವನ ಎದೆಯೂ ನಿಮ್ಮಷ್ಟೇ ಹೊಡೆದುಕೊಳ್ಳುತ್ತಿರುತ್ತದೆ. ಇನ್ನೊಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದಿನಾ ಸಂಜೆ ನೀವು ಎಲ್ಲಿಗೆ ಹೋಗುತ್ತೀರಿ ಅಂತ ನಿಮ್ಮ ಊರಿಗೆ ಈಗಾಗಲೇ ಗೊತ್ತು. ಗುಟ್ಟು ಅಂದುಕೊಂಡಿರುವವರು ನೀವೊಬ್ಬರೇ.

ದೇವರ ವಿಷಯ. ಕುಡಿತ ಬಿಡುವ ದಾರಿ ಎಂದು ಎಎ ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ 'ನಾವು ತಿಳಿದುಕೊಂಡ ಹಾಗಿನ ದೇವರು' ಎಂದು ಬಿಡುವು ಕೊಟ್ಟಿದ್ದಾರೆ. ಸಾಮಾನ್ಯವಾಗಿ ಒಂದು ಸಣ್ಣ ಪ್ರಾರ್ಥನೆ ಇರುತ್ತದೆ. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ನೆಮ್ಮದಿ, ಬದಲಿಸಬಹುದಾದ್ದನ್ನು ಬದಲಿಸುವ ಧೈರ್ಯ, ಯಾವುದು ಯಾವುದೆಂದು ತಿಳಿಯುವ ಬುದ್ಧಿ ಕೊಡು ಅಂತ. ಚರ್ಚಿನ ಹಾಲಿನಲ್ಲಿ ನಡೆದರೆ ಅದು ಜಾಗ ಕೊಟ್ಟ ಉಪಕಾರ ಅಷ್ಟೇ, ಮತಕ್ಕೆ ಸೇರಿಸುವವರು ಯಾರೂ ಇಲ್ಲ. ನನಗೆ ಗೊತ್ತಿರುವ ಒಬ್ಬ ಕಟ್ಟಾ ನಾಸ್ತಿಕರು ಪ್ರಾರ್ಥನೆ ಹೊತ್ತಿಗೆ ಹೊರಗೆ ಹೋಗಿ ಕುರ್ಚಿ ಮಡಚಿ ಇಡುತ್ತಿದ್ದರು. ವರ್ಷಗಟ್ಟಲೆ ಕುಡಿಯದೆ ಇದ್ದರು. ನಿಮಗೆ ಅದೂ ಬೇಡ ಅನಿಸಿದರೆ ಸ್ಮಾರ್ಟ್ ರಿಕವರಿ ಎಂಬ ಬೇರೊಂದು ಬಗೆಯ ಗುಂಪುಗಳಿವೆ. ಅಲ್ಲಿ ದೇವರ ಮಾತಿಲ್ಲ, ಯೋಚನೆಯ ದಾರಿ ಬದಲಿಸುವ ಅಭ್ಯಾಸಗಳಿರುತ್ತವೆ. ಇಂಗ್ಲಿಷ್ ಒಗ್ಗುವುದಾದರೆ ಆನ್‌ಲೈನಿನಲ್ಲಿ ಸಿಗುತ್ತದೆ.

ಇದಕ್ಕೆ ತೀರಾ ಉಲ್ಟಾ, ದೇವರ ಆಸರೆ ಇದ್ದರೇ ನನಗೆ ಒಳ್ಳೆಯದು ಅನ್ನುವವರಿಗೆ ನಮ್ಮಲ್ಲೇ ಬೆಳೆದ ಒಂದು ದಾರಿ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಅಲ್ಲೇ ಉಳಿಸಿಕೊಂಡು ಮಾಡುತ್ತಾರೆ. ಆ ಎಂಟು ದಿನದ ಬಗ್ಗೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಆಮೇಲೆ ಇರುವ ನವಜೀವನ ಸಮಿತಿ. ಶಿಬಿರ ಮುಗಿಸಿದವರು ಮತ್ತೆ ಮತ್ತೆ ಸೇರುವ ಗುಂಪು ಅದು. ಸಮಿತಿಗೆ ಹೋಗುವವನ ಶಿಬಿರ ಬಾಳುತ್ತದೆ. ಹೋಗದವನದ್ದು ಮಾಲೆಯ ಕಥೆಯೇ. ನಿಮಗೆ ಕೈ ನಡುಕ ಇರುವುದರಿಂದ ಶಿಬಿರಕ್ಕೆ ಸೇರುವುದಾದರೂ ಮೊದಲು ವೈದ್ಯರಿಗೆ ತೋರಿಸಿ.

ಹೆಂಡತಿ ಬರಬಹುದಾ ಎಂದರೆ, ಓಪನ್ ಮೀಟಿಂಗ್ ಆದರೆ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಫೋನ್ ಮಾಡಿದಾಗಲೇ ಇದನ್ನು ಕೇಳಿಕೊಳ್ಳಿ. ಮೊದಲ ಸಲ ಜೊತೆಯಾಗಿ ಹೋಗಿ, ಆಮೇಲೆ ಒಬ್ಬರೇ ಹೋಗಿ ಅನ್ನುವುದು ನನ್ನ ಅಭಿಪ್ರಾಯ. ಹೆಂಡತಿ ಪಕ್ಕದಲ್ಲಿದ್ದರೆ ಬಾಯಿಗೆ ಬರುವ ಮಾತು ಬೇರೆಯಾಗುತ್ತದೆ. ಅವರಿಗೂ ಅವರದೇ ಗುಂಪಿದೆ, ಅಲ್-ಅನಾನ್ ಅಂತ. ಬಿಲ್ ವಿಲ್ಸನ್ನರ ಹೆಂಡತಿ ಲೋಯಿಸ್ 1951ರಲ್ಲಿ ಇನ್ನೊಬ್ಬರ ಜೊತೆ ಸೇರಿ ಕಟ್ಟಿದ್ದು. ಗಂಡ ಬಿಟ್ಟರೂ ಬಿಡದಿದ್ದರೂ ತನ್ನ ಬದುಕು ನಡೆಸುವುದು ಹೇಗೆ ಅಂತ ಅಲ್ಲಿ ಮಾತಾಡುತ್ತಾರೆ. ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದು, ರಾತ್ರಿ ಪರ್ಸ್ ತಡಕುವುದು, ಹೆಡ್‌ಮಾಸ್ಟರಿಗೆ ಫೋನ್ ಮಾಡಿ 'ಅವರಿಗೆ ಜ್ವರ' ಅನ್ನುವುದು, ಇದರಲ್ಲೇ ಸವೆದುಹೋದ ಹೆಂಗಸರು ಅಲ್ಲಿ ಮೊದಲ ಸಲ ಉಸಿರು ಬಿಡುವುದನ್ನು ನೋಡಿದ್ದೇನೆ.

ಅವರಿಗೆ ನನ್ನದೊಂದು ವಿನಂತಿ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ 'ಕುಡಿಯುವವರಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸಲಾಗುವುದು' ಎಂಬ ಬೋರ್ಡು ಇರುತ್ತದಲ್ಲ, ಅದಕ್ಕೆ ಮರುಳಾಗಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ವೈದ್ಯರು ಕೊಟ್ಟರೆ ಅದು ಒಳ್ಳೆಯ ಔಷಧಿ. ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ ಪ್ರಾಣಕ್ಕೆ ಬರಬಹುದು.

ಔಷಧಿ ಮತ್ತು ಮೀಟಿಂಗ್ ಎರಡೂ ಒಟ್ಟಿಗೆ ನಡೆಯಬಹುದಾ ಅನ್ನುವುದು ಮುಂದೆ ನಿಮಗೆ ಬರುವ ಪ್ರಶ್ನೆ. ಧಾರಾಳವಾಗಿ ನಡೆಯಬಹುದು. ಯಾವುದಾದರೂ ಗುಂಪಿನಲ್ಲಿ ಹಳಬರೊಬ್ಬರು 'ಮಾತ್ರೆ ತಗೊಂಡ್ರೆ ಅದು ನಿಜವಾದ ಬಿಡುವಿಕೆ ಅಲ್ಲ' ಅಂದಾರು. ಸದಸ್ಯರು ಡಾಕ್ಟರಾಗಬಾರದು ಅಂತ ಎಎಯೇ ಹೇಳುತ್ತದೆ. ನಕ್ಕು ಸುಮ್ಮನಾಗಿ, ಮಾತ್ರೆ ನುಂಗಿ. ಹಾಗೆಯೇ ಎಎ ಯಾವ ಡಿ-ಅಡಿಕ್ಷನ್ ಸೆಂಟರನ್ನೂ ನಡೆಸುವುದಿಲ್ಲ, ಫೀಸ್ ತೆಗೆದುಕೊಳ್ಳುವುದಿಲ್ಲ, ಮನೆಗೆ ಬಂದು ಎಳೆದುಕೊಂಡು ಹೋಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಖಾಸಗಿ ಕೇಂದ್ರದಲ್ಲಿ ನಾನು ಕಾಲಿಗೆ ಸರಪಳಿ ಹಾಕಿದ್ದನ್ನು ಕಣ್ಣಾರೆ ಕಂಡೆ. ಆ ಕೇಂದ್ರದವರು ಅದಕ್ಕೂ 'ಗ್ರೂಪ್ ಥೆರಪಿ' ಅನ್ನುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಚಿಕಿತ್ಸೆಗೂ ಅನ್ವಯಿಸುತ್ತದೆ, ಸರಪಳಿ ಹಾಕುವುದು ಆ ಕಾಯ್ದೆ ಪ್ರಕಾರ ನಿಷಿದ್ಧ.

ಇದೆಲ್ಲ ಕೆಲಸ ಮಾಡುತ್ತದಾ? ನಾನು ಶುರುವಿನಲ್ಲಿ ಅನುಮಾನ ಪಟ್ಟವನೇ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ 10,565 ಜನರನ್ನು ಒಟ್ಟಿಗೆ ಇಟ್ಟು ನೋಡಿತು. ಎಎಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ, ಕುಡಿಯದೆ ಉಳಿಯುವ ವಿಷಯದಲ್ಲಿ, ಹೆಸರಾಂತ ಬೇರೆ ಮಾತಿನ ಚಿಕಿತ್ಸೆಗಳಿಗೆ ಸಮನಾಗಿಯೋ ಹೆಚ್ಚಾಗಿಯೋ ಫಲ ಕೊಟ್ಟಿತ್ತು. ಎಲ್ಲರಿಗೂ ಒಗ್ಗುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ನಮ್ಮ ದೇಶದ ಪರಿಸ್ಥಿತಿ ನೋಡಿ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತದ ಚಟಕ್ಕೆ ಸಿಕ್ಕಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಅಂಥ ಕಡೆ ಬಿಡಿಗಾಸು ಕೇಳದೆ ವಾರವಾರವೂ ಬಾಗಿಲು ತೆರೆದಿಡುವ ಜಾಗವನ್ನು ನೋಡದೆ ಬಿಡುವುದು ಜಾಣತನ ಅನಿಸುವುದಿಲ್ಲ.

ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಗುಂಪಿಗೊಂದು ಗುಣ ಇರುತ್ತದೆ. ಒಂದು ಕಡೆ ಬರೀ ಹಳಬರ ಹರಟೆ, ಇನ್ನೊಂದು ಕಡೆ ಇಂಗ್ಲಿಷ್ ಜಾಸ್ತಿ, ಮತ್ತೊಂದು ಕಡೆ ನಿಮಗಾಗಿಯೇ ಮಾಡಿದ ಹಾಗಿರುತ್ತದೆ. ಕಡೇಪಕ್ಷ ಐದಾರು ನೋಡಿ. ಹೊಸಬರಿಗೆ 90 ದಿನದಲ್ಲಿ 90 ಮೀಟಿಂಗ್ ಅಂತ ಹೇಳುತ್ತಾರೆ. ಅರಸೀಕೆರೆಯಲ್ಲಿ ಕೂತು ಅದು ಆಗದ ಮಾತು ಅನಿಸಬಹುದು, ಆನ್‌ಲೈನ್ ಸೇರಿಸಿಕೊಂಡರೆ ಆಗುತ್ತದೆ. ಯಾರಾದರೂ ಸಾಲ ಕೇಳಿದರೆ ಕೊಡಬೇಡಿ, ನೀವೂ ಕೇಳಬೇಡಿ.

ನಡುವೆ ಒಂದು ದಿನ ಜಾರಿ ಕುಡಿದುಬಿಟ್ಟರೆ? ಬಹಳ ಜನರಿಗೆ ಆಗುತ್ತದೆ. ಆಗ ಮಾಡುವ ತಪ್ಪು ಒಂದೇ, ಮುಖ ತೋರಿಸುವುದು ಹೇಗೆ ಅಂತ ಮೀಟಿಂಗ್ ತಪ್ಪಿಸುವುದು. ಆಣೆ ಮುರಿದರೆ ದೇವರಿಗೆ ತಪ್ಪು ಕಾಣಿಕೆ ಕಟ್ಟಬೇಕು. ಇಲ್ಲಿ ಅಂಥದ್ದೇನೂ ಇಲ್ಲ, ಮಾರನೇ ದಿನ ಹೋಗಿ ಕೂತರೆ ಆಯಿತು. ದಿನದ ಎಣಿಕೆ ಒಂದರಿಂದ ಶುರುವಾಗುತ್ತದೆ, ನೀವು ಒಂದರಿಂದ ಶುರುವಾಗುವುದಿಲ್ಲ. ಕುಡಿದ ದಿನವೇ ಹೋದರೂ ಸಾಮಾನ್ಯವಾಗಿ ಹೊರಗೆ ಹಾಕುವುದಿಲ್ಲ. ಇವತ್ತು ಮಾತು ಬೇಡ, ಕೂತು ಕೇಳಿ ಅನ್ನುತ್ತಾರೆ.

ಇನ್ನೂ ಒಂದು ಇದೆ, ಈಗಲ್ಲ, ಮುಂದಕ್ಕೆ. ಕುಡಿತ ಬಿಡಬೇಕೆನ್ನುವ ಇಬ್ಬರು ಮೂವರು ಸೇರಿದರೂ ಅದನ್ನು ಎಎ ಗುಂಪು ಅನ್ನಬಹುದು. ನಿಮ್ಮ ತಾಲ್ಲೂಕಿನಿಂದ ಹಾಸನಕ್ಕೋ ತುಮಕೂರಿಗೋ ನಿಮ್ಮ ಹಾಗೇ ರೈಲು ಹತ್ತುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಒಂದು ವರ್ಷ ಆದಮೇಲೆ ನಿಮ್ಮ ಸ್ಕೂಲಿನದೇ ಒಂದು ರೂಮಿನ ಬೀಗದ ಕೈ ಕೇಳುವ ಯೋಚನೆ ಬಂದರೆ ನನಗೊಂದು ಕಾಗದ ಬರೆಯಿರಿ.

ಸದ್ಯಕ್ಕೆ, ಮನೋವೈದ್ಯರು ಬರುವ ಮೊದಲ ಮಂಗಳವಾರವೇ ಆಸ್ಪತ್ರೆ. ಆ ವಾರದಲ್ಲೇ ಒಂದು ಫೋನು. ಮೊದಲ ಮೀಟಿಂಗಿಗೆ ಹೋಗುವಾಗ ವಾಪಸ್ಸು ರೈಲಿನ ಸಮಯ ನೋಡಿಕೊಂಡಿರಿ. ಮೀಟಿಂಗ್ ಮುಗಿದ ಕೂಡಲೇ ಸಿಗುವ ರೈಲು ಬೇಡ, ಅದರ ನಂತರದ್ದು.